ಬಾಯ್ಲರ್ ಗಡಿಯಾರ ಪದೇ ಪದೇ ಸಮಯ ಮರೆಯುತ್ತಿದೆಯೇ? ಬೋರ್ಡಿನ ಬ್ಯಾಕಪ್ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಕರೆಂಟು ಒಂದು ನಿಮಿಷ ಹೋಗಿ ಬಂದಿದೆ. ಬಾಯ್ಲರ್ ಮತ್ತೆ ಚಾಲೂ ಆಗಿದೆ, ಬಿಸಿನೀರೂ ಬರುತ್ತಿದೆ. ಆದರೆ ಪರದೆಯ ಮೇಲೆ 00:00 ಮಿನುಗುತ್ತಿದೆ. ಬೆಳಿಗ್ಗೆ ಇಷ್ಟು ಹೊತ್ತಿಗೆ ಹೊತ್ತಿಕೊಳ್ಳಬೇಕು, ರಾತ್ರಿ ಇಷ್ಟು ಹೊತ್ತಿಗೆ ನಿಲ್ಲಬೇಕು ಎಂದು ನೀವು ಕೂತು ಒತ್ತಿಟ್ಟಿದ್ದ ವೇಳಾಪಟ್ಟಿ ಪೂರ್ತಿ ಮಾಯ.

ಇಂಥ ಸಮಸ್ಯೆ ಬಂದಾಗ ಬಾಯ್ಲರ್ ನಡೆಸುವ ಸರ್ಕ್ಯೂಟ್ ಬೋರ್ಡನ್ನೇ ಬದಲಿಸಿ ಎನ್ನುವವರು ಜಾಸ್ತಿ. ಆದರೆ ಹೆಚ್ಚಿನ ಸಲ ಸತ್ತಿರುವುದು ಬೋರ್ಡಲ್ಲ, ಅದರ ಮೂಲೆಯಲ್ಲಿ ಕೂತಿರುವ ಗುಂಡಿಯಷ್ಟು ದೊಡ್ಡ ಬ್ಯಾಟರಿ ಅಥವಾ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಭಾಗ). ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸುವ ಇದನ್ನೇ ಬ್ಯಾಕಪ್ ಎನ್ನುವುದು. ಸೋಲ್ಡರಿಂಗ್ ಸ್ವಲ್ಪ ರೂಢಿ ಇದ್ದವರಿಗೆ ಅದನ್ನು ಬದಲಿಸುವುದು ಕಷ್ಟವಲ್ಲ. ಹಾಗಂತ ಅದೇ ಆಕಾರದ್ದೊಂದು ತಂದು ಅಂಟಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ಹಳೆಯದು ಯಾವ ಬಗೆಯದು, ಅದಕ್ಕೆ ಚಾರ್ಜ್ ಹೇಗೆ ಬರುತ್ತಿತ್ತು ಎನ್ನುವುದು ತಿಳಿದ ಮೇಲೇ ಹೊಸದನ್ನು ಆರಿಸಬೇಕು. ತಪ್ಪು ಬಗೆಯ ಸೆಲ್ ಹಾಕಿದರೆ ಅದು ಉಬ್ಬಬಹುದು, ಒಡೆಯಲೂಬಹುದು.

ಮೊದಲು, ಇದು ನಿಜಕ್ಕೂ ಬ್ಯಾಕಪ್ ದೋಷವೇ?

ಸ್ಕ್ರೂಡ್ರೈವರ್ ತೆಗೆಯುವ ಮುಂಚೆ ಗಡಿಯಾರದ ವರ್ತನೆಯನ್ನು ಸ್ವಲ್ಪ ಗಮನಿಸಿ. ಕರೆಂಟು ಹೋದಾಗ ಮಾತ್ರ ಸಮಯ ಅಳಿಸಿಹೋಗುತ್ತಿದ್ದು, ಉಳಿದಂತೆ ಸರಿಯಾಗಿ ನಡೆಯುತ್ತಿದ್ದರೆ ಅನುಮಾನವೇ ಬೇಡ, ಬ್ಯಾಕಪ್ಪೇ ಸತ್ತಿದೆ. ಕರೆಂಟು ಇದ್ದಾಗಲೇ ಸಮಯ ಅಳಿಸಿದರೆ ದೋಷ ಬೇರೆ ಕಡೆ ಇದೆ. ಸಡಿಲವಾದ ಕನೆಕ್ಟರ್, ಬಿರುಕು ಬಿಟ್ಟ ಬೆಸುಗೆ, ಪವರ್ ಸಪ್ಲೈ ಭಾಗದಲ್ಲಿ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್, ಇವನ್ನು ನೋಡಬೇಕು. ಪಂಪ್ ಶುರುವಾಗುವ ಅಥವಾ ಕಿಡಿ ಹೊತ್ತುವ ಕ್ಷಣಕ್ಕೇ ಪರದೆ ಮಂಕಾಗಿ ಗಡಿಯಾರ ಸೊನ್ನೆಗೆ ಹೋದರೆ ಅದು ಬಹುಪಾಲು ಪವರ್ ಸಪ್ಲೈ ಕಾಯಿಲೆ.

ಸಮಯ ಮಾತ್ರ ಹೋಗಿ ವೇಳಾಪಟ್ಟಿ ಉಳಿದಿದೆಯೇ? ಹಾಗಿದ್ದರೆ ವೇಳಾಪಟ್ಟಿ ಈಈಪ್ರಾಮ್ ಎಂಬ ಚಿಪ್‌ನಲ್ಲಿದೆ. ಅದಕ್ಕೆ ಬ್ಯಾಟರಿಯೇ ಬೇಡ. ಎರಡೂ ಹೋದರೆ ಎರಡನ್ನೂ ಬ್ಯಾಕಪ್ಪೇ ಕಾಯುತ್ತಿದೆ ಎಂದರ್ಥ.

ಇನ್ನೊಂದು ಸಂಗತಿ ಎಷ್ಟೋ ಮನೆಗಳಲ್ಲಿ ಕಣ್ಣಿಗೇ ಬೀಳುವುದಿಲ್ಲ. ದಿನಾ ರಾತ್ರಿ ಯಾರಾದರೂ ಬಾಯ್ಲರ್‌ನ ಗೋಡೆ ಸ್ವಿಚ್ ಆರಿಸುತ್ತಾರೆಯೇ? ಬೇಸಿಗೆ ಪೂರ್ತಿ ಆಫ್ ಮಾಡಿಡುತ್ತೀರಾ? ಚಾರ್ಜ್ ಆಗುವ ಬ್ಯಾಟರಿ ಇರುವ ಬೋರ್ಡಿಗೆ ಮೈನ್ಸ್ (ಮನೆಯ ಕರೆಂಟು) ಬಂದಾಗ ಮಾತ್ರ ಚಾರ್ಜ್ ಸಿಗುತ್ತದೆ. ತಿಂಗಳುಗಟ್ಟಲೆ ಆಫ್ ಇದ್ದರೆ ಬ್ಯಾಟರಿ ಪೂರ್ತಿ ಬರಿದಾಗಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಅಭ್ಯಾಸ ಬದಲಾಗದಿದ್ದರೆ ಹೊಸ ಬ್ಯಾಟರಿಯ ಗತಿಯೂ ಅಷ್ಟೇ.

ಬೋರ್ಡಿನಲ್ಲಿ ನೆನಪು ಉಳಿಯುವುದು ಹೇಗೆ?

ಗಡಿಯಾರದ ಹೃದಯ ಒಂದು ಪುಟ್ಟ ಕ್ವಾರ್ಟ್ಜ್ ಹರಳು. ಸೆಕೆಂಡಿಗೆ 32,768 ಸಲ ಮಿಡಿಯುತ್ತದೆ. ಎರಡರ ಹದಿನೈದನೇ ಘಾತ ಅದು. ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ. ಇದನ್ನು ಎಣಿಸುವುದು ಡಿಎಸ್1302, ಪಿಸಿಎಫ್8563 ಮುಂತಾದ ಗಡಿಯಾರ ಚಿಪ್, ಇಲ್ಲವೇ ಬೋರ್ಡನ್ನೆಲ್ಲ ನಡೆಸುವ ಮುಖ್ಯ ಚಿಪ್ ಆದ ಮೈಕ್ರೊಕಂಟ್ರೋಲರ್. ಚಿಪ್ ಪ್ರತ್ಯೇಕವಾಗಿದ್ದರೆ ಅದಕ್ಕೆ ಬೇಕಾಗುವ ಕರೆಂಟು ತೀರಾ ಕಡಿಮೆ. ಪಿಸಿಎಫ್8563 ಸುಮಾರು ಕಾಲು ಮೈಕ್ರೊಆಂಪಿಯರ್‌ನಲ್ಲಿ ಸಮಯ ಕಾಯುತ್ತದೆ. ಮೈಕ್ರೊಕಂಟ್ರೋಲರೇ ನಿದ್ದೆಗಣ್ಣಲ್ಲಿ ಎಣಿಸುವ ಬೋರ್ಡ್‌ಗಳು ಇದರ ಹತ್ತಾರು ಪಟ್ಟು ಎಳೆಯುತ್ತವೆ.

ಕರೆಂಟು ಹೋದಾಗ ಇದಕ್ಕೆ ಜೀವ ಕೊಡುವ ವಸ್ತುಗಳಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಮೂರು ಬಗೆ. ಒಂದು, ಚಾರ್ಜ್ ಆಗುವ ನಿಕಲ್ ಬ್ಯಾಟರಿ. ಮೂರು ಗುಂಡಿ ಸೆಲ್‌ಗಳನ್ನು ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹೊದಿಸಿರುತ್ತಾರೆ. ಮೈಮೇಲೆ 3.6 ವೋಲ್ಟ್, 80 ಮಿಲಿಆಂಪ್ ಅವರ್ ಅಂತೇನೋ ಬರೆದಿರುತ್ತದೆ. ತುಂಬ ಹಳೆಯ ಬೋರ್ಡ್‌ಗಳಲ್ಲಿ ನಿಕಲ್ ಕ್ಯಾಡ್ಮಿಯಂ, ಆಮೇಲಿನವುಗಳಲ್ಲಿ ನಿಕಲ್ ಮೆಟಲ್ ಹೈಡ್ರೈಡ್. ಎರಡು, ಸೂಪರ್ ಕೆಪಾಸಿಟರ್. ನೋಡಲು ನಾಣ್ಯದಂತೆ ದುಂಡಗೆ, 5.5 ವೋಲ್ಟ್, 0.1 ಅಥವಾ 0.22 ಅಥವಾ 1 ಫ್ಯಾರಡ್ ಎಂಬ ಗುರುತು ಇರುತ್ತದೆ. ಮೂರು, ಚಾರ್ಜ್ ಆಗದ ಲಿಥಿಯಂ ಸೆಲ್. ಸಿಆರ್2032 ಇದರಲ್ಲಿ ಎಲ್ಲರಿಗೂ ಗೊತ್ತಿರುವುದು, 3 ವೋಲ್ಟ್.

ಬಾಯ್ಲರ್ ಪೆಟ್ಟಿಗೆಯೊಳಗೆ ಇವು ಬೇಗ ಸಾಯುವುದಕ್ಕೆ ದೊಡ್ಡ ಕಾರಣ ಬಿಸಿ. ನಿಕಲ್ ಬ್ಯಾಟರಿ ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಸದಾ ಸಣ್ಣಗೆ ಚಾರ್ಜ್ ಆಗುತ್ತಲೇ ಇರುತ್ತದೆ. ಒಳಗಿನ ದ್ರವ ನಿಧಾನವಾಗಿ ಒಣಗುತ್ತದೆ, ಇಲ್ಲವೇ ಹೊರಗೆ ಒಸರುತ್ತದೆ. ಸೂಪರ್ ಕೆಪಾಸಿಟರ್ ಕೂಡ ಒಣಗಿ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಕೆಪಾಸಿಟರ್‌ಗಳಿಗೆ ಪ್ರತಿ 10 ಡಿಗ್ರಿ ಬಿಸಿ ಏರಿದಾಗ ಆಯಸ್ಸು ಅರ್ಧ ಎಂಬ ಲೆಕ್ಕ ಒರಟಾದರೂ ಕೆಲಸಕ್ಕೆ ಬರುತ್ತದೆ.

ಸುರಕ್ಷತೆ: ಇಲ್ಲಿ ಅವಸರ ಬೇಡ

ಗ್ಯಾಸ್ ಅಥವಾ ಎಣ್ಣೆ ಉರಿಯುವ ಭಾಗಕ್ಕೆ ನೀವು ಕೈ ಹಾಕುವಂತಿಲ್ಲ. ಬಹಳಷ್ಟು ದೇಶಗಳಲ್ಲಿ ಅದಕ್ಕೆ ಪರವಾನಗಿ ಇರುವ ತಂತ್ರಜ್ಞರೇ ಬೇಕು. ಕೆಲವು ಬಾಯ್ಲರ್‌ಗಳಲ್ಲಿ ಮುಂದಿನ ಹೊದಿಕೆಯೇ ಉರಿಕೋಣೆಯನ್ನು ಮುಚ್ಚುವ ಸೀಲ್ ಆಗಿರುತ್ತದೆ. ಅದನ್ನು ಬಿಚ್ಚಿ ಸರಿಯಾಗಿ ಕೂಡಿಸದಿದ್ದರೆ ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ಬರಬಹುದು. ಕೈಪಿಡಿ ನೋಡಿ. ಆ ಸೀಲ್ ಮುಟ್ಟದೆ ಕಂಟ್ರೋಲ್ ಪೆಟ್ಟಿಗೆ ತೆರೆಯಲು ಆಗುವುದಿಲ್ಲ ಎಂದಿದ್ದರೆ ಬೋರ್ಡ್ ತೆಗೆದುಕೊಡಲು ತಂತ್ರಜ್ಞರನ್ನೇ ಕರೆಯಿರಿ. ಬೋರ್ಡ್ ಕೈಗೆ ಬಂದ ಮೇಲೆ ಮೇಜಿನ ಮೇಲಿನ ಕೆಲಸ ನಿಮ್ಮದು.

ಇನ್ನು ಕರೆಂಟು. ಬಾಯ್ಲರ್‌ನ ಪರದೆಯಲ್ಲಿರುವ ಬಟನ್ ಒತ್ತಿ ಆಫ್ ಮಾಡಿದರೆ ಬೋರ್ಡಿಗೆ ಬರುವ ಮೈನ್ಸ್ ನಿಲ್ಲುವುದಿಲ್ಲ. ಗೋಡೆಯ ಐಸೊಲೇಟರ್ (ಬಾಯ್ಲರಿಗೆ ಬರುವ ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್) ಆರಿಸಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟು ಇರುವ ಬೇರೊಂದು ಕಡೆ ಹಿಡಿದು ಅದು ಕೆಲಸ ಮಾಡುತ್ತಿದೆಯೇ ನೋಡಿ. ನಂತರ ಬಾಯ್ಲರ್‌ನ ಟರ್ಮಿನಲ್‌ಗಳಲ್ಲಿ ಫೇಸ್‌ನಿಂದ ನ್ಯೂಟ್ರಲ್, ಫೇಸ್‌ನಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್ ಅಳೆಯಿರಿ. ಕೊನೆಗೆ ಮತ್ತೆ ಮೊದಲಿನ ಕಡೆಗೇ ಹೋಗಿ ಟೆಸ್ಟರ್ ಸತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹೊರಗಿನ ಪಂಪ್, ವಾಲ್ವ್, ಥರ್ಮೋಸ್ಟಾಟ್ ಬೇರೆ ಸರ್ಕ್ಯೂಟ್‌ನಿಂದ ಬಂದಿದ್ದರೆ ಅವುಗಳ ಟರ್ಮಿನಲ್‌ನಲ್ಲಿ ಇನ್ನೂ ಕರೆಂಟು ಇರಬಹುದು. ಅವನ್ನೂ ಅಳೆಯಿರಿ.

ಆಫ್ ಮಾಡಿದ ಮೇಲೂ ಸ್ವಿಚ್ ಮೋಡ್ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. 230 ವೋಲ್ಟ್ ಮೈನ್ಸ್ ಆದರೆ ಅಲ್ಲಿ ಸುಮಾರು 325 ವೋಲ್ಟ್ ಡಿಸಿ. ಐದಾರು ನಿಮಿಷ ಕಾದು, ಮೀಟರ್‌ನಲ್ಲಿ ಅಳೆದು ಆಮೇಲೆ ಮುಟ್ಟಿ.

ಒಂದು ಮಾತನ್ನು ಖಂಡಿತ ನೆನಪಿಡಿ. ಬೋರ್ಡ್ ಬಾಯ್ಲರ್‌ನಲ್ಲಿದ್ದು ಮೈನ್ಸ್ ಬರುತ್ತಿರುವಾಗ ಬ್ಯಾಟರಿಯ ಕಾಲು ಮುಟ್ಟಿ ಅಳೆಯಲು ಹೋಗಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕ ವೋಲ್ಟೇಜ್ ಇಳಿಸುವ ಬೋರ್ಡ್‌ಗಳಿವೆ. ಅವುಗಳಲ್ಲಿ 5 ವೋಲ್ಟಿನ ಭಾಗ ಕೂಡ ನೇರವಾಗಿ ಮೈನ್ಸ್‌ಗೇ ಅಂಟಿಕೊಂಡಿರುತ್ತದೆ. ಎರಡು ಕಾಲುಗಳ ನಡುವೆ 5 ವೋಲ್ಟೇ ಇದ್ದರೂ ನಿಮ್ಮ ಕೈಗೆ ಬಡಿಯುವುದು 230.

ಬೇಕಾಗುವ ಸಾಮಾನು

ಬಿಸಿ ನಿಯಂತ್ರಣ ಇರುವ ಸೋಲ್ಡರಿಂಗ್ ಐರನ್, ಸೀಸ ಇರುವ ಸೋಲ್ಡರ್, ಫ್ಲಕ್ಸ್, ಕರಗಿದ ಸೋಲ್ಡರ್ ಹೀರಲು ಸೋಲ್ಡರ್ ವಿಕ್ ಅಥವಾ ಸೋಲ್ಡರ್ ಪಂಪ್, ಮಲ್ಟಿಮೀಟರ್, ಐಸೊಪ್ರೊಪೈಲ್ ಆಲ್ಕೋಹಾಲ್, ಹಳೆಯ ಟೂತ್‌ಬ್ರಷ್, ಬಿಳಿ ವಿನೆಗರ್, ಕೈಗವಸು, ಕಣ್ಣಿಗೆ ಕನ್ನಡಕ. ಕರೆಂಟ್ ಮಿತಿ ಇಡಬಹುದಾದ ಬೆಂಚ್ ಸಪ್ಲೈ (ಬೇಕಾದ ಡಿಸಿ ವೋಲ್ಟೇಜ್ ಕೊಡುವ ಪೆಟ್ಟಿಗೆ) ಇದ್ದರೆ ಬಹಳ ಅನುಕೂಲ. ಮೈಯ ಸ್ಥಿರ ವಿದ್ಯುತ್ತಿಗೆ ಗಡಿಯಾರ ಚಿಪ್‌ಗಳು ಸುಲಭವಾಗಿ ಹಾಳಾಗುತ್ತವೆ, ಹಾಗಾಗಿ ಮಣಿಕಟ್ಟಿಗೆ ಅರ್ಥ್ ಪಟ್ಟಿ ಕಟ್ಟಿಕೊಳ್ಳಿ.

ಹಂತ 1: ಎಲ್ಲವನ್ನೂ ಬರೆದುಕೊಳ್ಳಿ, ಬೋರ್ಡ್ ತೆಗೆಯಿರಿ

ಮೈನ್ಸ್ ಆರಿಸುವ ಮೊದಲೇ ಮೆನುವಿನಲ್ಲಿರುವ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಫೋಟೋ ತೆಗೆಯಿರಿ. ವೇಳಾಪಟ್ಟಿ ಹೋದರೆ ಮತ್ತೆ ಹಾಕಬಹುದು. ಆದರೆ ಗ್ಯಾಸಿನ ಬಗೆ, ಗರಿಷ್ಠ ಉಷ್ಣತೆ, ಪಂಪ್ ಎಷ್ಟು ಹೊತ್ತು ಹೆಚ್ಚು ಓಡಬೇಕು ಎಂಬಂಥ ಒಳಗಿನ ಮೌಲ್ಯಗಳನ್ನು ಊಹೆಯಿಂದ ತುಂಬಲು ಬರುವುದಿಲ್ಲ. ಅವು ಸಾಮಾನ್ಯವಾಗಿ ಈಈಪ್ರಾಮ್‌ನಲ್ಲಿ ಕ್ಷೇಮವಾಗಿರುತ್ತವೆ, ಆದರೂ ಫೋಟೋ ಇದ್ದರೆ ಧೈರ್ಯ. ನೋಡಿದರೆ ಸಾಕು, ಅವುಗಳನ್ನು ಬದಲಿಸಲು ಹೋಗಬೇಡಿ.

ಪೆಟ್ಟಿಗೆ ತೆರೆದ ಮೇಲೆ ಪ್ರತಿ ಕನೆಕ್ಟರ್‌ನ ಫೋಟೋ ತೆಗೆದು, ವೈರಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ. ಒಂದೇ ಥರದ ಎರಡು ಕನೆಕ್ಟರ್ ಪಕ್ಕಪಕ್ಕದಲ್ಲೇ ಇರುತ್ತವೆ. ಕೀಳುವಾಗ ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್‌ನ ಮೈ ಹಿಡಿದು ಕೀಳಿ. ಚಿಕ್ಕ ಕೊಂಡಿ ಇದ್ದರೆ ಅದನ್ನು ಒತ್ತಿದ ಮೇಲೇ ಅದು ಬಿಡುತ್ತದೆ. ಬೋರ್ಡಿಗೆ ಸಿಕ್ಕಿಸುವ ಚಿಕ್ಕ ಪ್ಲಗ್ ಚಿಪ್ ಏನಾದರೂ ಇದ್ದರೆ ಅದನ್ನು ಕಳೆದುಕೊಳ್ಳಬೇಡಿ. ಆ ಬಾಯ್ಲರ್‌ನ ಗುರುತು ಅದರಲ್ಲಿರಬಹುದು.

ಬೋರ್ಡ್ ಪೂರ್ತಿ ಗಟ್ಟಿ ಎಪಾಕ್ಸಿಯಲ್ಲಿ ಮುಳುಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದನ್ನು ಕೆತ್ತುವುದು ಹೇಳಿದಷ್ಟು ಸುಲಭವಲ್ಲ, ಪಕ್ಕದ ಭಾಗಗಳೂ ಕಿತ್ತುಬರುತ್ತವೆ.

ಹಂತ 2: ಬ್ಯಾಕಪ್ ಯಾವುದು, ಅದು ಎಷ್ಟು ಸತ್ತಿದೆ

ಬೋರ್ಡಿನ ಮೇಲೆ ಹರಳನ್ನು ಹುಡುಕಿ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಬೆಳ್ಳಿ ಬಣ್ಣದ ಕೊಳವೆ. ಅದರ ಸುತ್ತಮುತ್ತಲೇ ಬ್ಯಾಟರಿ ಅಥವಾ ಸೂಪರ್ ಕೆಪಾಸಿಟರ್ ಇರುವುದು ಹೆಚ್ಚು.

ಮೈಮೇಲಿನ ಬರಹ ಓದಿ. ಅಳಿಸಿಹೋಗಿದ್ದರೆ ಮೀಟರ್ ಹಿಡಿಯಿರಿ. ಮೂರು ಸೆಲ್‌ನ ನಿಕಲ್ ಬ್ಯಾಟರಿ ಚೆನ್ನಾಗಿದ್ದರೆ 3.6ರಿಂದ 4.1 ವೋಲ್ಟ್ ತೋರಿಸಬೇಕು. 2.5 ಅಥವಾ ಅದಕ್ಕೂ ಕಡಿಮೆ ಇದ್ದರೆ ಒಂದು ಸೆಲ್ ಆದರೂ ಹೋಗಿದೆ. ಚಾರ್ಜ್ ಆಗದ ಲಿಥಿಯಂ ಸೆಲ್ 3 ವೋಲ್ಟ್ ಆಸುಪಾಸಿನಲ್ಲಿರಬೇಕು, 2.5ರ ಕೆಳಗೆ ಬಂದಿದ್ದರೆ ಅದರ ಕಥೆ ಮುಗಿದಿದೆ.

ಸುಮ್ನೆ ವೋಲ್ಟೇಜ್ ನೋಡಿದರೆ ಮೋಸ ಹೋಗಬಹುದು. ಒಣಗಿದ ಬ್ಯಾಟರಿ ಮೀಟರಿಗೆ ಸರಿಯಾದ ವೋಲ್ಟೇಜನ್ನೇ ತೋರಿಸುತ್ತದೆ, ಸ್ವಲ್ಪ ಕರೆಂಟು ಕೇಳಿದರೆ ಕುಸಿಯುತ್ತದೆ. ಅದಕ್ಕೇ ಒಂದು ಕಿಲೋಓಮ್ ರೆಸಿಸ್ಟರನ್ನು ಬ್ಯಾಟರಿಯ ಎರಡು ಕಾಲಿಗೆ ಅಡ್ಡ ಹಿಡಿದು ಮತ್ತೆ ಅಳೆಯಿರಿ. 3.6 ವೋಲ್ಟಿಗೆ 3.6 ಮಿಲಿಆಂಪಿಯರ್ ಮಾತ್ರ ಹರಿಯುತ್ತದೆ. ಇಷ್ಟಕ್ಕೇ ವೋಲ್ಟೇಜ್ ಅರ್ಧಕ್ಕಿಳಿದರೆ ಬ್ಯಾಟರಿಯಲ್ಲಿ ಏನೂ ಉಳಿದಿಲ್ಲ.

ಸೂಪರ್ ಕೆಪಾಸಿಟರ್ ಆದರೆ ಒಂದು ಕಾಲು ಬಿಚ್ಚಿ, 100 ಓಮ್ ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಟ್ಟು ಒಂದು ಗಂಟೆ ಬಿಡಿ. ತೆಗೆದ ಮೇಲೆ ವೋಲ್ಟೇಜ್ ಹೇಗೆ ಇಳಿಯುತ್ತದೆ ನೋಡಿ. ಮೊದಲು ಸ್ವಲ್ಪ ಇಳಿಯುವುದು ಸಹಜ. ಕೆಲವೇ ನಿಮಿಷದಲ್ಲಿ 2 ವೋಲ್ಟಿಗೆ ಬಂದರೆ ಅದು ಒಳಗೇ ಸೋರುತ್ತಿದೆ.

ಹಂತ 3: ಚಾರ್ಜ್ ಬರುವ ದಾರಿ ಸರಿಯಿದೆಯೇ

ಈ ಹಂತ ಬಿಟ್ಟವರ ಹೊಸ ಬ್ಯಾಟರಿ ವಾರದಲ್ಲೇ ಕೈಕೊಡುತ್ತದೆ. ಬ್ಯಾಟರಿ ಸತ್ತದ್ದು ವಯಸ್ಸಿಗೋ, ಊಟ ಸಿಗದೆಯೋ ಎಂದು ಇಲ್ಲೇ ಗೊತ್ತಾಗುವುದು.

ಸಾಮಾನ್ಯ ವ್ಯವಸ್ಥೆ ಹೀಗಿರುತ್ತದೆ. 5 ವೋಲ್ಟ್ ಸಾಲಿನಿಂದ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಅದರ ಜೊತೆ ಸರಣಿಯಲ್ಲಿ ಒಂದು ರೆಸಿಸ್ಟರ್, ಆಮೇಲೆ ಬ್ಯಾಟರಿಯ ಪ್ಲಸ್. ಬ್ಯಾಟರಿಯಿಂದ ಗಡಿಯಾರ ಚಿಪ್‌ಗೆ ಇನ್ನೊಂದು ಡಯೋಡ್. ಸಿಲಿಕಾನ್ ಡಯೋಡ್‌ನ ಮೇಲೆ ಸುಮಾರು 0.6 ವೋಲ್ಟ್ ಕಳೆಯುತ್ತದೆ, ಶಾಟ್ಕಿ ಆದರೆ 0.2ರಿಂದ 0.3. ಲೆಕ್ಕ ಹಾಕಿ ನೋಡೋಣ. ರೆಸಿಸ್ಟರ್ 470 ಓಮ್, ಬ್ಯಾಟರಿ 3.9 ವೋಲ್ಟ್. ಐದರಲ್ಲಿ 0.6 ಮತ್ತು 3.9 ಕಳೆದರೆ ಉಳಿಯುವುದು 0.5 ವೋಲ್ಟ್. ಅದನ್ನು 470ರಿಂದ ಭಾಗಿಸಿದರೆ ಸುಮಾರು 1 ಮಿಲಿಆಂಪಿಯರ್. 80 ಮಿಲಿಆಂಪ್ ಅವರ್ ಬ್ಯಾಟರಿಗೆ ಇದು ಹಿತವಾದ ಟ್ರಿಕಲ್ ಚಾರ್ಜ್, ಅಂದರೆ ಸದಾ ಸಣ್ಣಗೆ ಹರಿಯುವ ಚಾರ್ಜ್.

ಡಯೋಡ್‌ಗಳನ್ನು ಮೀಟರ್‌ನ ಡಯೋಡ್ ಗುರುತಿಗಿಟ್ಟು ಪರೀಕ್ಷಿಸಿ. ಒಂದು ಕಡೆ ಓದು (ಮೀಟರಿನಲ್ಲಿ ಅಂಕಿ) ಬರಬೇಕು, ತಿರುಗಿಸಿದರೆ ಬರಬಾರದು. ಎರಡೂ ಕಡೆ ಬಂದರೆ ಡಯೋಡ್ ಶಾರ್ಟ್ ಆಗಿರಬಹುದು. ಹಾಗಾದರೆ ಕರೆಂಟು ಹೋದ ತಕ್ಷಣ ಬ್ಯಾಟರಿಯೇ ಇಡೀ ಬೋರ್ಡನ್ನು ಹೊರಲು ಹೋಗಿ ನಿಮಿಷಗಳಲ್ಲಿ ಬರಿದಾಗುತ್ತದೆ. ಬೋರ್ಡಿನ ಮೇಲೇ ಅಳೆದರೆ ಪಕ್ಕದ ಭಾಗಗಳಿಂದ ಓದು ತಪ್ಪಬಹುದು. ಅನುಮಾನ ಬಂದರೆ ಒಂದು ಕಾಲು ಎತ್ತಿ ಅಳೆಯಿರಿ.

ಬೆಂಚ್ ಸಪ್ಲೈ ಇದ್ದರೆ ಇನ್ನೂ ಖಚಿತ. ಬ್ಯಾಟರಿ ತೆಗೆದ ಮೇಲೆ (ತೆಗೆಯುವ ರೀತಿ ಹಂತ 5ರಲ್ಲಿದೆ) ಬೋರ್ಡಿನ 5 ವೋಲ್ಟ್ ರೆಗ್ಯುಲೇಟರ್ ಹುಡುಕಿ, ಅಂದರೆ ವೋಲ್ಟೇಜನ್ನು 5ಕ್ಕೆ ಹಿಡಿದಿಡುವ ಭಾಗ. ಮೂರು ಕಾಲಿನ 7805 ಆಗಿದ್ದರೆ ಬರಹ ನಿಮ್ಮತ್ತ ಇರುವಾಗ ಎಡಗಾಲು ಇನ್‌ಪುಟ್, ನಡುವಿನದು ಗ್ರೌಂಡ್, ಬಲಗಾಲು ಔಟ್‌ಪುಟ್. ಕರೆಂಟ್ ಮಿತಿ 100 ಮಿಲಿಆಂಪಿಯರ್‌ಗೆ ಇಟ್ಟು ಇನ್‌ಪುಟ್‌ಗೆ 9 ವೋಲ್ಟ್ ಡಿಸಿ ಕೊಡಿ. ಬ್ಯಾಟರಿ ಇದ್ದ ಜಾಗದಲ್ಲಿ ಈಗ ನಾಲ್ಕು ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಕಾಣಬೇಕು. ಸೊನ್ನೆ ಕಂಡರೆ ರೆಸಿಸ್ಟರ್ ಅಥವಾ ಡಯೋಡ್ ಹೋಗಿದೆ, ಇಲ್ಲವೇ ಬೋರ್ಡಿನ ತಾಮ್ರದ ಗೆರೆ ತುಂಡಾಗಿದೆ. ಮೈನ್ಸ್ ಹತ್ತಿರ ಸುಳಿಯದೆ ಈ ಪರೀಕ್ಷೆ ಮುಗಿಯುತ್ತದೆ ಎನ್ನುವುದೇ ಇದರ ದೊಡ್ಡ ಲಾಭ.

ಚಾರ್ಜ್ ಆಗದ ಲಿಥಿಯಂ ಸೆಲ್ ಇದ್ದ ಬೋರ್ಡಿನಲ್ಲಿ ಇದೇ ಪರೀಕ್ಷೆಯ ಉತ್ತರ ಉಲ್ಟಾ ಇರಬೇಕು. ಸೆಲ್‌ನ ಕಡೆಗೆ ಕರೆಂಟು ಹರಿಯಲೇಬಾರದು. ಸೆಲ್‌ನ ಜಾಗಕ್ಕೆ 10 ಕಿಲೋಓಮ್ ರೆಸಿಸ್ಟರ್ ಅಡ್ಡ ಹಿಡಿದಾಗ ವೋಲ್ಟೇಜ್ ಬಹುತೇಕ ಸೊನ್ನೆಗೆ ಬಂದರೆ ತಡೆಯುವ ಡಯೋಡ್ ಸರಿಯಿದೆ.

ಹಂತ 4: ಹೊಸದನ್ನು ಆರಿಸುವುದು

ನನ್ನ ಸಲಹೆ ನೇರ. ಏನಿತ್ತೋ ಅದನ್ನೇ ಹಾಕಿ. ನಿಕಲ್ ಮೆಟಲ್ ಹೈಡ್ರೈಡ್ ಇದ್ದಲ್ಲಿ ಅದೇ, ಅದೇ 3.6 ವೋಲ್ಟ್. ಹಳೆಯದು ನಿಕಲ್ ಕ್ಯಾಡ್ಮಿಯಂ ಆಗಿದ್ದು ಚಾರ್ಜ್ ಕರೆಂಟು ಸಣ್ಣದಿದ್ದರೆ ನಿಕಲ್ ಮೆಟಲ್ ಹೈಡ್ರೈಡ್ ಹಾಕಬಹುದು. ಬ್ಯಾಟರಿಯ ಸಾಮರ್ಥ್ಯ ಸ್ವಲ್ಪ ಹೆಚ್ಚಿದ್ದರೂ ಪರವಾಗಿಲ್ಲ, ಪೂರ್ತಿ ಚಾರ್ಜ್ ಆಗಲು ಹೆಚ್ಚು ದಿನ ಬೇಕಾಗುತ್ತದೆ ಅಷ್ಟೇ.

ಸುಲಭವಾಗಿ ಸಿಗುತ್ತದೆಂದು ನಿಕಲ್ ಬ್ಯಾಟರಿಯ ಜಾಗಕ್ಕೆ ಸಿಆರ್2032 ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಮೇಲಿನ ಲೆಕ್ಕವನ್ನೇ ಮತ್ತೆ ಹಾಕಿ. ಐದರಲ್ಲಿ 0.6 ಮತ್ತು 3 ಕಳೆದರೆ 1.4 ವೋಲ್ಟ್, 470 ಓಮ್‌ನಲ್ಲಿ ಸುಮಾರು 3 ಮಿಲಿಆಂಪಿಯರ್. ಚಾರ್ಜ್ ಆಗಲೇಬಾರದ ಸೆಲ್‌ನೊಳಗೆ ಅಷ್ಟು ಕರೆಂಟು ಹಗಲೂ ರಾತ್ರಿ ನುಗ್ಗುತ್ತದೆ. ಅದೂ ಗ್ಯಾಸ್ ಉರಿಯುವ ಪೆಟ್ಟಿಗೆಯ ಪಕ್ಕದಲ್ಲಿ. ಬೇಡವೇ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಚಾರ್ಜ್ ರೆಸಿಸ್ಟರನ್ನು ಪೂರ್ತಿ ತೆಗೆದುಹಾಕಿ, ಸೆಲ್‌ನ ಪ್ಲಸ್‌ಗೆ ಸರಣಿಯಲ್ಲಿ ತಡೆ ಡಯೋಡ್ ಮತ್ತು ಒಂದು ಕಿಲೋಓಮ್ ರೆಸಿಸ್ಟರ್ ಹಾಕಿ, ಹಿಮ್ಮುಖವಾಗಿ ಕರೆಂಟು ಹರಿಯುತ್ತಿಲ್ಲ ಎಂದು ಅಳೆದು ನೋಡಿದ ಮೇಲೇ ಮುಂದುವರಿಯಿರಿ. ಸರ್ಕ್ಯೂಟ್ ಓದಲು ಬಾರದವರು ಈ ದಾರಿ ಹಿಡಿಯಬಾರದು.

ಎಲ್ಐಆರ್2032 ಎಂಬ ಇನ್ನೊಂದು ಸೆಲ್ ಇದೆ. ಆಕಾರ ಸಿಆರ್2032ದೇ, ಚಾರ್ಜೂ ಆಗುತ್ತದೆ. ಆದರೆ ಅದು ಲಿಥಿಯಂ ಅಯಾನ್. 4.2 ವೋಲ್ಟಿಗೆ ಖಚಿತವಾಗಿ ನಿಲ್ಲುವ ಚಾರ್ಜರ್ ಬೇಕು. ಬಾಯ್ಲರ್ ಬೋರ್ಡಿನ ಡಯೋಡ್ ಮತ್ತು ರೆಸಿಸ್ಟರ್‌ಗೆ ಆ ಶಿಸ್ತು ಇಲ್ಲ. ದೂರ ಇಡಿ.

ನಿಕಲ್ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಹಾಕಬಹುದೇ? ಹಾಕಬಹುದು, ಅದು ಸೋರಿ ಬೋರ್ಡ್ ತಿನ್ನುವ ಭಯವೂ ಬಹಳ ಕಡಿಮೆ. ಆದರೆ ಎಷ್ಟು ಹೊತ್ತು ತಡೆಯುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಫ್ಯಾರಡ್ ಅನ್ನು ಇಳಿಯಬಹುದಾದ ವೋಲ್ಟಿನಿಂದ ಗುಣಿಸಿ, ಗಡಿಯಾರ ಎಳೆಯುವ ಕರೆಂಟಿನಿಂದ ಭಾಗಿಸಿದರೆ ಸೆಕೆಂಡುಗಳು ಸಿಗುತ್ತವೆ. 0.22 ಫ್ಯಾರಡ್, 4.4ರಿಂದ 2.4ಕ್ಕೆ ಇಳಿಯಬಹುದು ಅಂದರೆ 2 ವೋಲ್ಟ್, ಕರೆಂಟು 10 ಮೈಕ್ರೊಆಂಪಿಯರ್. ಉತ್ತರ 44,000 ಸೆಕೆಂಡ್, ಸುಮಾರು 12 ಗಂಟೆ. ಅದೇ 80 ಮಿಲಿಆಂಪ್ ಅವರ್ ಬ್ಯಾಟರಿ ಅದೇ ಕರೆಂಟಿಗೆ ಲೆಕ್ಕದ ಪ್ರಕಾರ 8,000 ಗಂಟೆ ಬರಬೇಕು. ತಾನಾಗಿ ಇಳಿಯುವ ಚಾರ್ಜ್ ಕಳೆದರೂ ವಾರಗಳು ಖಂಡಿತ. ಕರೆಂಟು ಹೋದರೆ ಗಂಟೆ ಎರಡು ಗಂಟೆಯಲ್ಲಿ ಬರುವ ಮನೆಗೆ ಸೂಪರ್ ಕೆಪಾಸಿಟರ್ ಧಾರಾಳ ಸಾಕು. 5.5 ವೋಲ್ಟಿನದನ್ನೇ ಹಾಕಿ. ಚಾರ್ಜ್ ರೆಸಿಸ್ಟರನ್ನು ತೆಗೆಯಬೇಡಿ. ಖಾಲಿ ಸೂಪರ್ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಸರ್ಕ್ಯೂಟ್‌ನಂತೆಯೇ ಕರೆಂಟು ಎಳೆಯುತ್ತದೆ.

ಯಾವುದೇ ಬ್ಯಾಟರಿ ಇರಲಿ, ಕಾರ್ಖಾನೆಯಲ್ಲೇ ಲೋಹದ ಪಟ್ಟಿ ಬೆಸೆದು ಬಂದದ್ದನ್ನು ಕೊಳ್ಳಿ. ಬರೀ ಸೆಲ್‌ನ ಮೈಗೆ ನೇರವಾಗಿ ಸೋಲ್ಡರ್ ಮಾಡಬೇಡಿ. ಬಿಸಿಗೆ ಒಳಗಿನ ಸೀಲ್ ಕರಗುತ್ತದೆ. ಲಿಥಿಯಂ ಆದರೆ ಸಿಡಿಯಲೂಬಹುದು.

ಹಂತ 5: ಹಳೆಯದನ್ನು ತೆಗೆಯುವುದು, ಕಿಲುಬು ತೊಳೆಯುವುದು

ಪ್ಲಸ್ ಎಲ್ಲಿದೆ ಎಂದು ಬೋರ್ಡಿನ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಫೋಟೋ ಇದ್ದರೂ ಹಾಕಿ.

ಕಾಲುಗಳು ಕಾಣುತ್ತಿದ್ದರೆ ಮೊದಲು ಒಂದೊಂದಾಗಿ ಕಟ್ಟರ್‌ನಿಂದ ಕತ್ತರಿಸಿ ಬ್ಯಾಟರಿ ಎತ್ತಿಬಿಡುವುದು ಒಳ್ಳೆಯದು. ಕಟ್ಟರ್ ಒಟ್ಟಿಗೇ ಎರಡು ಕಾಲು ಮುಟ್ಟಬಾರದು. ಆಮೇಲೆ ಉಳಿದ ತುಂಡುಗಳನ್ನು ನಿಧಾನವಾಗಿ ತೆಗೆಯಬಹುದು. ಬೋರ್ಡಿನ ಬೆಸುಗೆ ಸೀಸವಿಲ್ಲದ್ದಾದರೆ ಸುಮಾರು 217 ಡಿಗ್ರಿಗೆ ಕರಗುತ್ತದೆ, 63/37 ಸೀಸದ ಸೋಲ್ಡರ್ 183ಕ್ಕೇ ಕರಗುತ್ತದೆ. ಹಳೆಯ ಬೆಸುಗೆಯ ಮೇಲೆ ಫ್ಲಕ್ಸ್ ಮತ್ತು ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ. ಎರಡೂ ಬೆರೆತರೆ ಬೇಗ ಕರಗುತ್ತದೆ. ಐರನ್ 350 ಡಿಗ್ರಿಯಲ್ಲಿರಲಿ. ಗ್ರೌಂಡ್‌ಗೆ ಸೇರಿದ ಕಾಲು ಬಿಸಿಯನ್ನೆಲ್ಲ ಅಗಲವಾದ ತಾಮ್ರಕ್ಕೆ ಬಿಟ್ಟುಕೊಡುತ್ತದೆ. ಅಲ್ಲಿ ದಪ್ಪ ತುದಿ ಹಾಕಿ ಕಾಯಿರಿ. ಬೆಸುಗೆ ಪೂರ್ತಿ ಹೊಳೆದು ನೀರಾದಾಗ ಮಾತ್ರ ಚಿಮುಟದಿಂದ ಎಳೆಯಿರಿ. ಬಲವಂತ ಮಾಡಿದರೆ ತೂತಿನ ಸುತ್ತಲಿನ ತಾಮ್ರದ ಬಳೆಯೇ ಕಾಲಿನ ಜೊತೆ ಎದ್ದುಬರುತ್ತದೆ.

ಈಗ ಬ್ಯಾಟರಿ ಕೂತಿದ್ದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸೋರಿದ್ದರೆ ಕಾಲಿನ ಬುಡದಲ್ಲಿ ಬಿಳಿ ಪುಡಿ, ಅದರಾಚೆ ಹಸಿರು ಕಿಲುಬು. ಬೆಸುಗೆ ಹೊಳಪು ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಐರನ್ ಎಷ್ಟು ಹೊತ್ತು ಇಟ್ಟರೂ ಕರಗುವುದಿಲ್ಲ, ತುದಿ ಅದರ ಮೇಲೆ ಜಾರುತ್ತದೆ. ಹಸಿರು ಬಣ್ಣದ ಲೇಪದ ಕೆಳಗೆ ತಾಮ್ರದ ಗೆರೆ ಕಪ್ಪಗಾಗಿ ಓಡಿರುತ್ತದೆ. ಆ ಕಪ್ಪು ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗೆ ನಿಮ್ಮ ಕೆಲಸ ಇದೆ.

ಸೋರಿದ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟುವಾದ ಕ್ಷಾರ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕ್ಷಾರಕ್ಕೆ ಹುಳಿಯೇ ಮದ್ದು. ಹತ್ತಿಕಡ್ಡಿಯನ್ನು ಬಿಳಿ ವಿನೆಗರ್‌ನಲ್ಲಿ ಅದ್ದಿ ಆ ಜಾಗಕ್ಕೆ ಮಾತ್ರ ಹಚ್ಚಿ. ಬುರುಗು ಬರದಿದ್ದರೂ ಕೆಲಸ ನಡೆಯುತ್ತಿರುತ್ತದೆ. ಒಂದೆರಡು ನಿಮಿಷ ಬಿಟ್ಟು ಬ್ರಷ್‌ನಿಂದ ಉಜ್ಜಿ, ಶುದ್ಧೀಕರಿಸಿದ ನೀರಿನಿಂದ ಒರೆಸಿ. ವಿನೆಗರ್ ಉಳಿದರೆ ಅದೂ ತಾಮ್ರ ತಿನ್ನುತ್ತದೆ, ಹಾಗಾಗಿ ಈ ಒರೆಸುವ ಕೆಲಸವನ್ನು ಎರಡು ಮೂರು ಸಲ ಮಾಡಿ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು ಚೆನ್ನಾಗಿ ಒಣಗಲು ಬಿಡಿ. ರಿಲೇ, ಬಟನ್‌ಗಳ ಒಳಗೆ ನೀರು ಇಳಿಯದಂತೆ ನೋಡಿಕೊಳ್ಳಿ.

ಕಪ್ಪಾದ ಗೆರೆಗಳ ಎರಡು ತುದಿಗೆ ಮೀಟರ್ ಹಿಡಿದು ಅಳೆಯಿರಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ತುಂಡಾಗಿದ್ದರೆ ಲೇಪವನ್ನು ಕೆರೆದು, ಒಳ್ಳೆಯ ತಾಮ್ರ ಕಾಣುವ ತನಕ ಹಿಂದೆ ಹೋಗಿ, ತೆಳುವಾದ ಇನ್ಸುಲೇಟೆಡ್ ವೈರ್‌ನಿಂದ ಸೇತುವೆ ಕಟ್ಟಿ. ಬೋರ್ಡಿನ ಒಂದು ಮುಖದಿಂದ ಇನ್ನೊಂದಕ್ಕೆ ಹಾಯುವ ಸಣ್ಣ ತೂತುಗಳು ಮೊದಲು ಸಾಯುತ್ತವೆ, ಅವನ್ನು ಮರೆಯಬೇಡಿ. ಕ್ಷಾರ ಮೈನ್ಸ್ ಭಾಗದವರೆಗೆ ಹರಿದಿದ್ದರೆ ರಿಪೇರಿ ಬೇಡ, ಬೋರ್ಡ್ ಬದಲಿಸಿ. ಗ್ಯಾಸ್ ವಾಲ್ವ್ ನಡೆಸುವ ರಿಲೇಗಳ ಸುತ್ತ ಕಿಲುಬು ಕಂಡರೂ ಅದೇ ಮಾತು.

ಹಂತ 6: ಹೊಸದನ್ನು ಕೂಡಿಸುವುದು

ಹೊಸ ಬ್ಯಾಟರಿಯ ಪಟ್ಟಿಗಳು ಹಳೆಯ ತೂತುಗಳಿಗೆ ಹೊಂದಿದರೆ ನೇರವಾಗಿ ಕೂಡಿಸಿ. ಒಂದೊಂದು ಬೆಸುಗೆಗೆ ಎರಡು ಮೂರು ಸೆಕೆಂಡ್ ಸಾಕು. ಮಧ್ಯೆ ತಣಿಯಲು ಬಿಡಿ.

ಪೆಟ್ಟಿಗೆಯಲ್ಲಿ ಜಾಗವಿದ್ದರೆ ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಬೋರ್ಡಿನಿಂದ ಎರಡು ಚಿಕ್ಕ ವೈರ್ ಎಳೆದು, ಬ್ಯಾಟರಿಯನ್ನು ಅದೇ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ತಂಪಾದ ಮೂಲೆಯಲ್ಲಿ ಕೂರಿಸುವುದು. ಮುಂದೆಂದಾದರೂ ಸೋರಿದರೂ ಬೋರ್ಡ್ ಉಳಿಯುತ್ತದೆ. ಬಿಸಿಯೂ ಕಡಿಮೆ. ಬೋರ್ಡಿನ ಮೈನ್ಸ್ ವೈರ್‌ಗೆ ಬಳಸಿದಷ್ಟೇ ಗಟ್ಟಿ ಇನ್ಸುಲೇಶನ್ ಇರುವ ವೈರ್ ಹಾಕಿ, ಬ್ಯಾಟರಿಗೆ ಶ್ರಿಂಕ್ ಟ್ಯೂಬ್ ಹೊದಿಸಿ, ಟೈ ಹಾಕಿ ಬಿಗಿಯಿರಿ. ಪೆಟ್ಟಿಗೆಯ ಹೊರಗೆ ಮಾತ್ರ ತರಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದ ಬೋರ್ಡಾದರೆ ಆ ಬ್ಯಾಟರಿಯ ಮೈಯಲ್ಲೇ ಮೈನ್ಸ್ ಇರುತ್ತದೆ ಎನ್ನುವುದು ಆಗಲೇ ನೋಡಿದ್ದೀರಿ ಅಲ್ವಾ.

ಕೊನೆಗೆ ಫ್ಲಕ್ಸ್ ತೊಳೆಯಿರಿ, ಅದರಲ್ಲೂ ಹರಳಿನ ಕಾಲುಗಳ ಸುತ್ತ. ಹರಳಿನ ಸರ್ಕ್ಯೂಟ್‌ನಲ್ಲಿ ಹರಿಯುವ ಕರೆಂಟು ಎಷ್ಟು ಸಣ್ಣದೆಂದರೆ ಅಲ್ಲಿ ಉಳಿದ ಫ್ಲಕ್ಸ್ ಜಿಡ್ಡೋ ತೇವವೋ ಸಾಕು, ಗಡಿಯಾರ ನಿಂತುಹೋಗಲು. ಬ್ಯಾಟರಿ ಬದಲಿಸಿದ ಮೇಲೆ ಸಮಯ ಉಳಿಯುತ್ತಿದೆ, ಆದರೆ ಮುಂದೆ ಓಡುತ್ತಿಲ್ಲ ಎಂದರೆ ಮೊದಲು ನೋಡಬೇಕಾದ್ದು ಇದನ್ನೇ.

ಹಂತ 7: ಮರುಜೋಡಣೆ ಮತ್ತು ಪರೀಕ್ಷೆ

ಫೋಟೋ ನೋಡಿಕೊಂಡು ಕನೆಕ್ಟರ್‌ಗಳನ್ನು ಸಿಕ್ಕಿಸಿ, ಅರ್ಥ್ ವೈರ್ ಬಿಗಿಯಾಗಿದೆಯೇ ನೋಡಿ, ಪೆಟ್ಟಿಗೆ ಮುಚ್ಚಿದ ಮೇಲೇ ಮೈನ್ಸ್ ಹಾಕಿ. ಸಮಯ, ವೇಳಾಪಟ್ಟಿ ಹೊಂದಿಸಿ. ಒಳಗಿನ ಮೌಲ್ಯಗಳು ಫೋಟೋದಲ್ಲಿದ್ದಂತೆಯೇ ಇವೆಯೇ ತಾಳೆ ನೋಡಿ. ಏನಾದರೂ ಬದಲಾಗಿದ್ದರೆ ಬಾಯ್ಲರ್ ಹೊತ್ತಿಸದೆ ತಂತ್ರಜ್ಞರಿಗೆ ತೋರಿಸಿ.

ತಕ್ಷಣ ಪರೀಕ್ಷೆ ಮಾಡಿ ಬೇಜಾರಾಗಬೇಡಿ. ಹೊಸ ನಿಕಲ್ ಬ್ಯಾಟರಿ ಅರೆಬರೆ ಚಾರ್ಜ್‌ನಲ್ಲೇ ಬರುತ್ತದೆ. ಒಂದೆರಡು ಮಿಲಿಆಂಪಿಯರ್‌ನಲ್ಲಿ 80 ಮಿಲಿಆಂಪ್ ಅವರ್ ತುಂಬಲು ಮೂರು ನಾಲ್ಕು ದಿನ ಬೇಕು. ಸೂಪರ್ ಕೆಪಾಸಿಟರ್ ಆದರೆ ಕೆಲವು ಗಂಟೆ ಸಾಕು. ಅಷ್ಟು ಕಾದ ಮೇಲೆ ಐಸೊಲೇಟರ್ ಆರಿಸಿ ಒಂದು ಗಂಟೆ ಬಿಡಿ, ಉಳಿದರೆ ಮುಂದಿನ ಸಲ ಇಡೀ ರಾತ್ರಿ ಬಿಡಿ. ಐದು ಹತ್ತು ಸೆಕೆಂಡ್ ಆರಿಸಿ ಹಾಕಿದರೆ ಏನೂ ಸಾಬೀತಾಗುವುದಿಲ್ಲ. ಅಷ್ಟು ಹೊತ್ತು ಪವರ್ ಸಪ್ಲೈಯ ಕೆಪಾಸಿಟರ್‌ಗಳೇ ಚಿಪ್ಪನ್ನು ಎಚ್ಚರವಾಗಿಡುತ್ತವೆ.

ಗಡಿಯಾರ ತಿಂಗಳಿಗೆ ಒಂದು ನಿಮಿಷದಷ್ಟು ಹಿಂದೆ ಮುಂದೆ ಆದರೆ ಅದು ದೋಷವಲ್ಲ. ಸಾಮಾನ್ಯ ಹರಳಿನಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ದಿನಕ್ಕೆ ಸುಮಾರು 1.7 ಸೆಕೆಂಡ್. ಅದಕ್ಕಿಂತ ಬಹಳ ಜಾಸ್ತಿ ತಪ್ಪುತ್ತಿದ್ದರೆ ಮತ್ತೆ ಹರಳಿನ ಸುತ್ತ ತೊಳೆಯಿರಿ, ಅದರಿಂದಲೂ ಆಗದಿದ್ದರೆ ಹರಳನ್ನೇ ಬದಲಿಸಿ. ಹೊಸದನ್ನು ಕೊಳ್ಳುವಾಗ ಲೋಡ್ ಕೆಪಾಸಿಟೆನ್ಸ್ (ಹರಳು ಸರಿಯಾಗಿ ಮಿಡಿಯಲು ಸರ್ಕ್ಯೂಟ್ ಕೊಡಬೇಕಾದ ಕೆಪಾಸಿಟರ್ ಮೌಲ್ಯ) ಹಳೆಯದರಷ್ಟೇ ಇರಲಿ, 12.5 ಪಿಕೊಫ್ಯಾರಡ್ ಜಾಗಕ್ಕೆ 6 ಪಿಕೊಫ್ಯಾರಡ್‌ನದು ಹಾಕಿದರೆ ಸಮಯ ತಪ್ಪುತ್ತದೆ.

ಇಷ್ಟೆಲ್ಲ ಮಾಡಿಯೂ ನೆನಪು ನಿಲ್ಲದಿದ್ದರೆ ಬೋರ್ಡಿನ ಗಡಿಯಾರವನ್ನು ಬಿಟ್ಟುಬಿಡುವುದೂ ಒಂದು ದಾರಿ. ಹೆಚ್ಚಿನ ಬಾಯ್ಲರ್‌ಗಳಲ್ಲಿ ಹೊರಗಿನ ಥರ್ಮೋಸ್ಟಾಟ್‌ಗೆ ಟರ್ಮಿನಲ್ ಇರುತ್ತದೆ. ಒಳಗಿನ ಗಡಿಯಾರವನ್ನು ಸದಾ ಆನ್‌ಗೆ ಇಟ್ಟು, ತನ್ನದೇ ಬ್ಯಾಟರಿ ಇರುವ ಟೈಮರ್ ಥರ್ಮೋಸ್ಟಾಟ್ ಒಂದನ್ನು ಅಲ್ಲಿಗೆ ಜೋಡಿಸಿದರೆ ವೇಳಾಪಟ್ಟಿ ಅದರ ಜವಾಬ್ದಾರಿ. ಆ ಟರ್ಮಿನಲ್ ಕೆಲವು ಬಾಯ್ಲರ್‌ಗಳಲ್ಲಿ 24 ವೋಲ್ಟ್, ಕೆಲವುಗಳಲ್ಲಿ 230. ಕೈಪಿಡಿಯ ಚಿತ್ರ ನೋಡದೆ ವೈರ್ ಕೂಡಿಸಬೇಡಿ.

ತೆಗೆದ ಹಳೆಯ ಬ್ಯಾಟರಿಯ ಎರಡು ತುದಿಗೂ ಟೇಪ್ ಸುತ್ತಿ ಬ್ಯಾಟರಿ ಮರುಬಳಕೆ ಡಬ್ಬಿಗೆ ಹಾಕಿ. ಕ್ಯಾಡ್ಮಿಯಂ ವಿಷ, ಮನೆಕಸದ ಜೊತೆ ಹೋಗಬಾರದು. ಹೊಸದರ ಪಕ್ಕದಲ್ಲಿ ಪೆಟ್ಟಿಗೆಯ ಒಳಮೈಗೆ ಒಂದು ಚೀಟಿ ಅಂಟಿಸಿ. ಬದಲಿಸಿದ ತಿಂಗಳು, ವರ್ಷ, ಬ್ಯಾಟರಿಯ ಬಗೆ, ವೋಲ್ಟೇಜ್ ಬರೆಯಿರಿ. ಬೋರ್ಡಿನಲ್ಲಿ ಡಯೋಡ್ ಅಥವಾ ರೆಸಿಸ್ಟರ್ ಬದಲಿಸಿದ್ದರೆ ಅದನ್ನೂ ಬರೆಯಿರಿ. ಮುಂದೆ ಪೆಟ್ಟಿಗೆ ತೆರೆಯುವ ತಂತ್ರಜ್ಞರಿಗೆ ಆ ಬದಲಾವಣೆ ಗೊತ್ತಾಗುವುದು ಅದರಿಂದಲೇ.